ರೈಲಿಗೆ ಬಳೆ ತೊಡಿಸುವ ಮಾಬೂಬಿ

"ಅವ್ವಾ, ಮಾಬೂಬಿ ಅಜ್ಜಿ ರೈಲಿಗೆ ಬಳಿ ಯಾಕ ತೊಡಸ್ತಾಳ?"

ರವಿವಾರ ಬೆಳಗ್ಗೆ ತಲೆ ಬಾಚಿಸಿಕೊಳ್ಳಲು ಕುಳಿತಾಗ ಇಂಚರಾ ಕೇಳಿದ ಪ್ರಶ್ನೆ ಇದು. ವಾಣಿಶ್ರೀಯ ಹಲ್ಲುಗಳ ನಡುವೆ ರಿಬ್ಬನ್ನಿತ್ತು, ಒಲೆಯ ಮೇಲೆ ಉಪ್ಪಿಟ್ಟಿತ್ತು, ಟಂಟಂ ಗಾಡಿ ಬರುವ ಹೊತ್ತಾಗಿತ್ತು.

"ರೈಲು ಹೆಣ್ಣು ನೋಡು, ಅದಕ್ಕ," ಎಂದಳು ರಿಬ್ಬನ್ನು ತೆಗೆದು. "ಬಳಿ ಇಲ್ಲದ ಹೊಸ್ತಲಾ ದಾಟಂಗಿಲ್ಲ."

"ಮತ್ತ ನೀ ದಾಟ್ತಿಯಲ್ಲ?"

ವಾಣಿಶ್ರೀ ತನ್ನ ಬೋಳು ಮುಂಗೈ ನೋಡಿಕೊಂಡಳು. ಪಾತ್ರೆ ತಿಕ್ಕುವಾಗ ತೆಗೆದಿಟ್ಟ ಬಳೆಗಳು ಬಚ್ಚಲಗಟ್ಟೆಯ ಮೇಲೇ ಇದ್ದವು. "ಭಾಳ ಶಾಣ್ಯಾ ಆಗೀದಿ ನೀ. ಅಲ್ಲಾಡಬ್ಯಾಡ. ಆ ಅಜ್ಜಿನ್ನ ಕೇಳು, ಆಕಿನ ಹೇಳ್ತಾಳ."

ಶಿಗ್ಗಾವಿಯ ಹೊರಗೆ, ಕೆರೆಯ ಸುತ್ತ ಇರುವ ಪಾರ್ಕಿನಲ್ಲಿ ವಾಣಿಶ್ರೀ ಪುಟಾಣಿ ರೈಲಿನ ಟಿಕೀಟು ಕೊಡುತ್ತಾಳೆ. ಗೊಟಗೋಡಿಯ ಕಲ್ಲಿನ ಗೊಂಬೆಗಳನ್ನು ನೋಡಿ ಮುಗಿಸಿದವರು ಮಧ್ಯಾಹ್ನದ ಮೇಲೆ ಇತ್ತ ಬರುತ್ತಾರೆ. ಮಕ್ಕಳು ರೈಲು ಕಂಡ ಮೇಲೆ ದೊಡ್ಡವರ ಮಾತು ನಡೆಯುವುದಿಲ್ಲ. ಅದರ ಹಳಿಗಳ ನಡುವೆ ಎರಡೇ ಅಡಿ ಅಂತರ. ಒಂದು ಕರು ಅಡ್ಡ ನಿಂತರೆ ಎರಡೂ ಹಳಿ ಅದರ ಹೊಟ್ಟೆಯಡಿ ಮುಚ್ಚಿಹೋಗುತ್ತವೆ. ಎಂಜಿನ್ನು ಡೀಸೆಲಿನದು, ಶೋಭೆಗೆಂದು ಮೇಲೊಂದು ಚಿಮಣಿ ಕೂರಿಸಿದ್ದಾರೆ, ಅದರಿಂದ ಹೊಗೆ ಬರುವುದಿಲ್ಲ, ಮಳೆಗಾಲದಲ್ಲಿ ಗುಬ್ಬಿ ಗೂಡು ಕಟ್ಟುತ್ತದೆ. ಆದರೂ ಅದು ರೈಲೇ. ಜನ ಹತ್ತುತ್ತಾರೆ, ಬ್ರೇಕು ಹಿಡಿಯುವುದು ತಡವಾದರೆ ನಿಲ್ಲುವುದೂ ತಡವಾಗುತ್ತದೆ.

ಹಳಿ ಒಂದೇ. ಗೇಟಿನ ಸ್ಟೇಶನ್ನಿನಿಂದ ಹೊರಟು ಕೆರೆಯ ದಂಡೆ ಹಿಡಿದು ಆಚೆ ಬದಿಯ ದೋಣಿಕಟ್ಟೆ ಮುಟ್ಟುತ್ತದೆ. ವಾರದ ದಿನಗಳಲ್ಲಿ ಒಂದೇ ರೈಲು ಹೋಗಿ ಬರುವುದರಿಂದ ತಕರಾರಿಲ್ಲ. ರವಿವಾರ, ಹಬ್ಬದ ದಿನ ಎರಡು ಬೇಕಾಗುತ್ತವೆ. ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದರಾಗಿ ಓಡಬೇಕೆಂದರೆ ಎಲ್ಲಾದರೂ ಒಂದು ಕಡೆ ಒಂದಕ್ಕೊಂದು ದಾರಿ ಬಿಡಬೇಕಲ್ಲ. ಆ ಜಾಗ ನಡುದಾರಿಯ ಹುಣಸೇಮರದ ಸ್ಟೇಶನ್ನು. ಅಲ್ಲಿ ಹಳಿ ಕವಲೊಡೆದು ಎರಡಾಗಿ, ಸ್ವಲ್ಪ ದೂರ ಜೋಡಿಯಾಗಿ ಹೋಗಿ, ಮತ್ತೆ ಒಂದಾಗುತ್ತದೆ. ಅಲ್ಲೊಂದು ತಗಡಿನ ಖೋಲಿ, ಒಂದು ನಳ, ಕೊಂಬೆಗೆ ತೂಗುಬಿಟ್ಟ ಹಳಿಯ ತುಂಡು. ಮತ್ತು ಮಾಬೂಬಿ.

ಮಾಬೂಬಿಯ ಕೈಯಲ್ಲಿ ಎರಡು ಬಳೆ. ಬೆತ್ತದವು, ಭುಜದ ತನಕ ಸಲೀಸಾಗಿ ತೂರುವಷ್ಟು ದೊಡ್ಡವು, ಒಂದೊಂದಕ್ಕೂ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿದೆ. ಕೆಂಪು ಬಟ್ಟೆ ಸುತ್ತಿದ್ದು ಗೇಟಿನಿಂದ ಹುಣಸೇಮರದ ತನಕದ ಹಳಿಯದು. ಹಸಿರು ಸುತ್ತಿದ್ದು ಹುಣಸೇಮರದಿಂದ ದೋಣಿಕಟ್ಟೆಯ ತನಕದ್ದು. ಯಾವ ಡ್ರೈವರನ ತೋಳಿನಲ್ಲಿ ಕೆಂಪು ಬಳೆ ಇದೆಯೋ ಅವನೊಬ್ಬನೇ ಗೇಟಿನ ಕಡೆಯ ಹಳಿಗೆ ಇಳಿಯಬಹುದು. ಬಳೆ ಒಂದೇ ಇರುವುದರಿಂದ ಅಲ್ಲಿ ರೈಲೂ ಒಂದೇ ಇರುತ್ತದೆ. ಹಸಿರಿನದೂ ಇದೇ ಲೆಕ್ಕ. ಗೇಟಿನಿಂದ ನಾಸೀರ ಕೆಂಪು ತೊಟ್ಟು ಬರುತ್ತಾನೆ, ದೋಣಿಕಟ್ಟೆಯಿಂದ ದುರ್ಗೇಶ ಹಸಿರು ತೊಟ್ಟು ಬರುತ್ತಾನೆ, ಮರದಡಿ ಇಬ್ಬರೂ ತಮ್ಮ ತಮ್ಮ ಬಳೆ ಬಿಚ್ಚಿಕೊಟ್ಟು ಎದುರಿನವನದನ್ನು ತೊಟ್ಟುಕೊಂಡು ಮುಂದೆ ಹೋಗುತ್ತಾರೆ. ಇಡೀ ರೈಲು ವ್ಯವಹಾರ ಇಷ್ಟೇ. ಇದು ತಪ್ಪಿದರೆ ರೈಲೂ ಇಲ್ಲ.

ಆದರೆ ಬಿಚ್ಚುವವಳೂ ತೊಡಿಸುವವಳೂ ಮಾಬೂಬಿಯೇ. ಡ್ರೈವರು ಕೈಚಾಚಿ ಎತ್ತಿಕೊಳ್ಳುವಂತಿಲ್ಲ. ಎಂಜಿನ್ನು ನಡೆಯುವವರ ವೇಗಕ್ಕೆ ಇಳಿದು ಪಕ್ಕಕ್ಕೆ ಬರುತ್ತಿದ್ದಂತೆ ಅವಳು ಕಟ್ಟೆಯ ಅಂಚಿಗೆ ನಿಂತು, ಒಂದು ಕೈಯಿಂದ ಅವನ ತೋಳಿನ ಬಳೆ ಜಾರಿಸಿ ತನ್ನ ಭುಜಕ್ಕೇರಿಸಿ, ಇನ್ನೊಂದು ಕೈಯಿಂದ ಬೇರೆಯದನ್ನು ತೂರಿಸುತ್ತಾಳೆ. "ಮೊದ್ಲ ಇಸ್ಕೊಳ್ಳೂದು, ಆಮ್ಯಾಲೆ ಕೊಡೂದು," ಎಂಬುದು ಅವಳ ಮಾತು. ತೊಡಿಸುವಾಗ ಡ್ರೈವರನ ಮುಖ ನೋಡುತ್ತಾಳೆ, ಬಳೆಯ ಬಣ್ಣ ಬಾಯಿಬಿಟ್ಟು ಹೇಳುತ್ತಾಳೆ. ಅವನೂ ತಿರುಗಿ ಹೇಳಬೇಕು.

"ಕೆಂಪು."

"ಕೆಂಪ್ರಿ ಖಾಲಾ."

"ಹೋಗಿ ಬಾ, ಗಂಡನ ಮನಿಗೆ."

ಈ ಕೊನೆಯ ಮಾತಿಗೆ ರೈಲಿನ ತುಂಬ ನಗೆ. ದುರ್ಗೇಶನಿಗೆ ದಪ್ಪ ಮೀಸೆ ಬೇರೆ.

ಈ ಕೈ ಬಂದದ್ದು ಬಳೆ ಮಾರುವ ಸವಣೂರಿನ ಮಣಿಯಾರ ಮನೆತನದಿಂದ. ಮದುವೆಯಾದ ಹೊಸತರಲ್ಲೇ ಮಾಬೂಬಿ ತಲೆಯ ಮೇಲೆ ಬಳೆಬುಟ್ಟಿ ಹೊತ್ತವಳು. ದುಂಡಸಿ, ಹಿರೇಬೆಂಡಿಗೇರಿ, ಅವುಗಳ ಆಚೀಚಿನ ಹಳ್ಳಿ. ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಕಾಲು. ಕುಬಸದ ಮನೆಯಲ್ಲಿ ಬಸುರಿಯ ಬಾತ ಕೈಯನ್ನು ಹಿಟ್ಟು ನಾದಿದಂತೆ ಹದಮಾಡಿ, ಮಾತಾಡಿಸುತ್ತಾ ಮಾತಾಡಿಸುತ್ತಾ ಬಳೆ ಏರಿಸಿಬಿಡುತ್ತಿದ್ದಳು. ಗಿರಾಕಿ ತಾನೇ ಬಳೆ ಹಾಕಿಕೊಳ್ಳಲು ಹೋದರೆ ಕೈಗೆ ಏಟು ಕೊಡುತ್ತಿದ್ದಳಂತೆ. ಬಳೆ ಒಡೆದು ಕೈಗೆ ನೆಟ್ಟರೆ ದೂರು ಯಾರಿಗೆ? ತೊಡಿಸುವವಳ ಕೈಯಿಂದಲೇ ತೊಡಬೇಕು; ಆಗ ಜವಾಬ್ದಾರಿ ಎಲ್ಲಿ ಕುಳಿತಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಗಂಡ ತೀರಿಹೋದ, ಮೊಣಕಾಲು ಹಿಡಿದುಕೊಂಡವು, ಊರೂರಿಗೆ ಫ್ಯಾನ್ಸಿ ಸ್ಟೋರು ಬಂದವು. ಪಾರ್ಕು ಶುರುವಾದಾಗ ಹುಣಸೇಮರದಡಿ ಕಸ ಗುಡಿಸುವ ಕೆಲಸಕ್ಕೆ ಬಂದು ಸೇರಿದಳು.

ಮೊದಲು ಬಳೆ ಇರಲಿಲ್ಲ. ಇಬ್ಬರು ಡ್ರೈವರರೂ ಮೊಬೈಲಿನಲ್ಲಿ ಮಾತಾಡಿಕೊಂಡೇ ಗಾಡಿ ಬಿಡುತ್ತಿದ್ದರು. ಒಂದು ದಿನ ಒಬ್ಬನ ಫೋನು ಸತ್ತು, ಎರಡೂ ರೈಲು ಮುಖಾಮುಖಿ ನಿಂತು, ಹಿಂದೆ ಸರಿಯುವವರು ಯಾರೆಂಬ ಜಗಳ ಹತ್ತಿ, ಜನ ಇಳಿದು ನಡೆದುಕೊಂಡೇ ಗೇಟು ಸೇರಿದರು. ಸಂಜೆ ತಿರುಗಾಡಲು ಬರುತ್ತಿದ್ದ ಕರೀಮಸಾಬರು ರೈಲ್ವೆಯಲ್ಲಿ ದುಡಿದು ಬಂದವರು. ಅವರು ಮ್ಯಾನೇಜರಿಗೆ ಹಳೆಯ ಕಾಲದ ಈ ಪದ್ಧತಿ ಹೇಳಿಕೊಟ್ಟರು. ಬಳೆಯಂಥದ್ದು ಬೇಕು ಎಂದಾಗ ಮಾಬೂಬಿ ತನ್ನ ಹಳೆಯ ಎರಡು ಬಳೆಬುಟ್ಟಿಗಳ ಬೆತ್ತದ ಅಂಚು ಬಿಚ್ಚಿ ತಂದಳು. ತೊಡಿಸುವ ಕೆಲಸ ತಾನಾಗಿಯೇ ಅವಳಿಗೆ ಬಂತು.

ಬೆಳಗ್ಗೆ ರೈಲು ಹೊರಡುವ ಮೊದಲು ಅವಳು ಕವಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಸಣ್ಣ ಕಸಬರಿಗೆಯಿಂದ ಹಳಿಗಳ ಸಂದು ಗುಡಿಸುತ್ತಾಳೆ. ಹುಣಸೇಬೀಜ ಒಂದು ಸಿಕ್ಕಿಕೊಂಡರೂ ಹಳಿ ಪೂರಾ ಕೂಡುವುದಿಲ್ಲ. ಆಮೇಲೆ ಎಣ್ಣೆ ಬಿಟ್ಟು, ಹಳಿ ಬದಲಿಸುವ ಕೈಹಿಡಿ ಎಳೆದು, ಆ ಕಡೆ ಈ ಕಡೆ ಸರಿಸಿ, ಕಿವಿಗೊಟ್ಟು ಕೇಳುತ್ತಾಳೆ. ಇದನ್ನೆಲ್ಲ ಪಕ್ಕದಲ್ಲಿ ಕುಳಿತು ನೋಡುವುದು ಇಂಚರಾಳ ರವಿವಾರದ ಕೆಲಸ. ಅಂಗನವಾಡಿಗೆ ರಜೆ, ಟಿಕೀಟಿನ ಕಿಟಕಿಯೊಳಗೆ ಕೂಸನ್ನು ಕೂರಿಸಿಕೊಂಡರೆ ಚಿಲ್ಲರೆ ಎಲ್ಲ ನೆಲದ ಪಾಲು. ಹಾಗಾಗಿ ವಾಣಿಶ್ರೀ ಮಗಳನ್ನೂ ಡಬ್ಬಿಯನ್ನೂ ಒಂದು ಜೊತೆ ಬದಲಿ ಚಡ್ಡಿಯನ್ನೂ ಮಾಬೂಬಿಗೆ ಒಪ್ಪಿಸಿ ಬರುವುದು ರೂಢಿಯಾಗಿತ್ತು.

ಆ ರವಿವಾರವೂ ಒಪ್ಪಿಸಿದಳು. ಖೋಲಿಯೊಳಗೆ ಮೊಳೆಗೆ ಒಂದು ಹೊಸ ಕೆಂಪು ಬಳೆ ತೂಗುತ್ತಿತ್ತು. ಹೆಣೆದ ಬೆತ್ತದ ಮೇಲೆ ಒತ್ತಾಗಿ ಸುತ್ತಿದ ಕೆಂಪು ನೂಲು, ಹುರಿಯ ಗಂಟು ಎಲ್ಲೂ ಕಾಣದು.

"ಇನ್ನೂ ಇಲ್ಲೇ ಐತಲ್ರಿ ಅಮ್ಮಾ ಇದು?" ಎಂದಳು ವಾಣಿಶ್ರೀ.

"ಏನ ಮಾಡ್ಲವ್ವಾ ತಂಗಿ. ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು."

ಸಂಗತಿ ವಾಣಿಶ್ರೀಗೆ ಗೊತ್ತಿತ್ತು. ಮಾಬೂಬಿಯ ತಮ್ಮ ಇನಾಯತ ಬಂಕಾಪುರದಲ್ಲಿ ಬೆತ್ತದ ಕುರ್ಚಿ ಹೆಣೆಯುವವನು. ಒಂದು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಹೆಂಡತಿ ಮುನವ್ವರಾ ಹೇಳಿದರೂ ಏಳಲಿಲ್ಲ, ಡಾಕ್ಟರು ಬೈದರೂ ಏಳಲಿಲ್ಲ. ಎಣ್ಣೆ ತಿಕ್ಕಿ ತಿಕ್ಕಿ ಕೈಗೆ ಜೀವ ಬಂದ ಮೇಲೂ ಬೆತ್ತ ಮುಟ್ಟಲೊಲ್ಲ. ಕಡೆಗೆ ಮಾಬೂಬಿ ಒಂದು ಸೋಮವಾರ ತನ್ನ ಕೆಂಪು ಬಳೆ ಒಯ್ದು ಅವನ ಹಾಸಿಗೆಯ ಮೇಲೆ ಒಗೆದು, "ಬಟ್ಟಿ ಹರದೈತಿ. ರವಿವಾರಕ್ಕ ಬೇಕು. ಇಲ್ಲಂದ್ರ ರೈಲು ನಿಂತಾವು," ಎಂದು ಹೇಳಿ ಚಹಾವನ್ನೂ ಕುಡಿಯದೆ ಬಂದಳು. ಶನಿವಾರ ಹೋದಾಗ ಬಳೆ ಹೊಸ ಬಟ್ಟೆ ಸುತ್ತಿಕೊಂಡು ಸಿದ್ಧವಾಗಿತ್ತು. ಅದರ ಜೊತೆ ಇನ್ನೊಂದು. ತಾನಾಗಿಯೇ, ಯಾರೂ ಹೇಳದೆ, ಬೆತ್ತ ನೆನೆಸಿ ಬಗ್ಗಿಸಿ ಇನಾಯತ ಹೊಸದೇ ಒಂದು ಮಾಡಿದ್ದ.

"ಕೊಸರು ಆಪಾ," ಎಂದು ನಕ್ಕನಂತೆ. ಬಳೆ ತೊಡಿಸಿದ ಮೇಲೆ ಮೇಲೊಂದು ಬಳೆ ಕೊಸರು ಕೊಡದೆ ಏಳಬಾರದು. ಮಣಿಯಾರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಅದನ್ನು ಕಲಿಸಬೇಕೇ? ಒಂದು ವರ್ಷದ ಮೇಲೆ ಅವನ ಮುಖದಲ್ಲಿ ನಗೆ ಕಂಡದ್ದು ಅಂದೇ. ಮಾಬೂಬಿ ಕಣ್ಣಿಗೊತ್ತಿಕೊಂಡು ತಂದಳು. ತಂದ ಮೇಲೆ ತಿಳಿಯಿತು, ಇದನ್ನು ಏನೂ ಮಾಡುವ ಹಾಗಿಲ್ಲ. ಒಂದು ಹಳಿಗೆ ಎರಡು ಬಳೆ ಇದ್ದರೆ ಬಳೆ ಇದ್ದೂ ಇಲ್ಲದ ಹಾಗೆ. ಹೊರಗೆ ಹಾಕೋಣವೆಂದರೆ ದಿನಾ ಸಂಜೆ ಇನಾಯತನ ಫೋನು: "ಆಪಾ, ನನ್ನ ಬಳಿ ರೈಲಿನ್ಯಾಗ ಹೊಂಟಿತೇನು?" ಅವಳು "ನಾಳೆ, ನಾಡದ" ಎನ್ನುತ್ತಿದ್ದಳು. ಮುಂದಿನ ರವಿವಾರ ನೋಡಲು ತಾನೇ ಬರುತ್ತೇನೆಂದು ಅವನು ಹಟ ಹಿಡಿದಿದ್ದ. ಲಕ್ವಾ ಹೊಡೆದ ಮೇಲೆ ಮೊದಲ ಸಲ ಹೊಸ್ತಿಲು ದಾಟುವ ಮಾತಾಡಿದ್ದ.

"ಸುಮ್ನ ಒಂದಿನ ತೊಡಿಸಿ ತೋರಿಸಿ ಬಿಡ್ರಿ," ಎಂದಿದ್ದಳು ವಾಣಿಶ್ರೀ.

"ಒಂದಿನ ಸುಳ್ಳು ಬಳಿ ತೊಡಿಸಿದ್ರ, ದಿನಾ ತೊಡಸೂದು ಖರೇ ಅಂತ ಯಾರ ನಂಬ್ತಾರ?"

ಅಂದು ಹಾನಗಲ್ಲಿನ ಶಾಲೆಯೊಂದರ ಮಕ್ಕಳು ಎರಡು ಬಸ್ಸು ತುಂಬ ಬಂದಿಳಿದರು. ಬೆಳಗ್ಗೆಯಿಂದ ನಾಸೀರನ ಎಂಜಿನ್ನು ಬಿಸಿಯಾಗಿ ಕಾಡುತ್ತಿತ್ತು. ಒಮ್ಮೆ ಗೇಟಿನಲ್ಲೇ ನಿಂತುಹೋಗಿ, ಅವನ ಗಾಡಿಯ ಗಾರ್ಡು ಕೆಂಪು ಬಳೆಯನ್ನು ನಡೆದುಕೊಂಡು ಒಯ್ದು ಮಾಬೂಬಿಗೆ ಕೊಟ್ಟು ಬಂದಿದ್ದ. ಅಷ್ಟು ಹೊತ್ತು ದುರ್ಗೇಶನೊಬ್ಬನೇ ಗಾಡಿ ಓಡಿಸಿದ್ದ. ಅಂಥ ಹೊತ್ತಿನಲ್ಲಿ ಹಾಗೆ ಮಾಡುವುದೇ ಕ್ರಮ. ಮಧ್ಯಾಹ್ನದ ಮೇಲೆ ಎಂಜಿನ್ನು ತಣ್ಣಗಾಗಿ ನಾಸೀರ ಮತ್ತೆ ಓಡಿಸತೊಡಗಿದ. ಶಾಲೆಯ ಮಕ್ಕಳನ್ನು ಹತ್ತಿಸಿ ಎಣಿಸಿ, ಇಳಿದವನನ್ನು ಮತ್ತೆ ಹತ್ತಿಸಿ, ಮತ್ತೆ ಎಣಿಸಿ, ಮೇಷ್ಟ್ರು ಕೈಬೀಸುವಷ್ಟರಲ್ಲಿ ತಡವಾಗಿತ್ತು. ನಾಸೀರ ತೋಳಿನ ಕೆಂಪು ಬಳೆ ಮೇಲೇರಿಸಿಕೊಂಡು ಸೀಟಿ ಹೊಡೆದು ಹೊರಟ. ವಾಣಿಶ್ರೀ ಕಿಟಕಿಯಿಂದ ನೋಡಿದಳು, ನೀರಿನ ಬಾಟಲಿಗೆ ಬಾಯಿಟ್ಟಳು.

ಆಗ ಹುಣಸೇಮರದ ಹಳಿಯ ತುಂಡು ಮೊಳಗತೊಡಗಿತು. ಒಂದೇ ಸಮನೆ, ಉಸಿರು ಬಿಡದೆ.

ಒಂದು ಏಟೆಂದರೆ ರೈಲು ಬಂತು, ಎರಡೆಂದರೆ ಹೋಯಿತು. ನಿಲ್ಲದೆ ಬಾರಿಸಿದರೆ ಇದ್ದವರು ಇದ್ದಲ್ಲೇ ನಿಲ್ಲಬೇಕು. ಅಭ್ಯಾಸಕ್ಕೆಂದು ಬಾರಿಸಿದ್ದು ಬಿಟ್ಟರೆ ಹಾಗೆ ಬಾರಿಸಿದ್ದನ್ನು ವಾಣಿಶ್ರೀ ಕೇಳಿರಲಿಲ್ಲ. ಹುಣಸೇಮರದಡಿ ಮಗಳಿದ್ದಳು. ಕಿಟಕಿಯ ಬಾಗಿಲು ಎಳೆದು, ಚಪ್ಪಲಿ ಎಲ್ಲೋ ಬಿಟ್ಟು, ಹಳಿಯ ಗುಂಟ ಓಡಿದಳು.

ತಿರುವಿನಲ್ಲಿ ಎರಡೂ ರೈಲು ಮುಖಾಮುಖಿ ನಿಂತಿದ್ದವು. ನಡುವೆ ಒಂದು ಚಕ್ಕಡಿ ನಿಲ್ಲುವಷ್ಟು ಜಾಗ. ನಾಸೀರನ ತೋಳಿನಲ್ಲಿ ಕೆಂಪು ಬಳೆ. ದುರ್ಗೇಶನ ತೋಳಿನಲ್ಲೂ ಕೆಂಪು ಬಳೆ. ಇಬ್ಬರೂ ಇನ್ನೂ ಬ್ರೇಕಿನಿಂದ ಕೈ ತೆಗೆದಿರಲಿಲ್ಲ. ಜನರಿಗೆ ಏನೂ ಗೊತ್ತಾಗಿರಲಿಲ್ಲ. ಶಾಲೆಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ದುರ್ಗೇಶನ ಗಾಡಿಯ ಮುಂದಿನ ಡಬ್ಬಿಯಲ್ಲಿ ಕುಳಿತ ದಪ್ಪನೆಯ ಹೆಂಗಸು, "ಯವ್ವಾ, ಬೀಗರು ಎದುರ ಬದರ ನಿಂತಂಗ ನಿಂತಾವಲ್ಲೇ! ಯಾರರ ಬೆಲ್ಲ ನೀರು ಕೊಡ್ರೋ!" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ವಾಣಿಶ್ರೀ ಅವರನ್ನು ದಾಟಿ ಓಡಿದಳು. ಮರದಡಿ ಮಾಬೂಬಿ ಸುತ್ತಿಗೆ ಹಿಡಿದೇ ನಿಂತಿದ್ದಳು, ಸೆರಗು ಜಾರಿತ್ತು, ಒಂದು ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಅವಳ ಸೀರೆ ಹಿಡಿದು ಇಂಚರಾ.

ದುರ್ಗೇಶ ತನ್ನ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತಂದ, ಗಾರ್ಡು ಮುಂದೆ ಮುಂದೆ ನಡೆದ. ನಾಸೀರ ಹಿಂದಿನಿಂದ ಬಂದು ಇನ್ನೊಂದು ಹಳಿಯಲ್ಲಿ ನಿಂತ. ಮಾಬೂಬಿ ಎರಡೂ ಕೆಂಪು ಬಳೆ ಇಸ್ಕೊಂಡಳು.

"ದುರ್ಗೇಶ, ಈ ಬಳಿ ನಿನಗ ಯಾರ ಕೊಟ್ರು?"

"ಇಂಚರಾ ಕೊಟ್ಟಳಲ್ರಿ ಖಾಲಾ. ನಾಸೀರನ ಎಂಜಿನ್ ಮತ್ತ ಕೈ ಕೊಟ್ಟೈತಿ, ಗಾರ್ಡ ಬಳಿ ತಂದಾನ, ನೀವ ಕೂಸಿನ ಕೈಲೆ ಕಳಿಸೀರಿ ಅಂದ್ಕೊಂಡ್ನಿ."

"ನಾ ಎಂದರ ಯಾರ ಕೈಲಾದ್ರೂ ಬಳಿ ಕಳಿಸೇನೇನೋ?"



ಆದದ್ದು ಇಷ್ಟು. ದುರ್ಗೇಶ ದೋಣಿಕಟ್ಟೆಯಿಂದ ಬಂದು ಹಸಿರು ಬಳೆ ಕೊಟ್ಟು, ನಾಸೀರನ ದಾರಿ ಕಾಯುತ್ತ ನಿಂತಿದ್ದ. ಆ ಗಾಡಿಯಿಂದ ಇಳಿದ ಮಗುವೊಂದು ಬಿದ್ದು ಮೊಣಕಾಲು ಕೆತ್ತಿಕೊಂಡಿತು. ಮಾಬೂಬಿ ಅದನ್ನು ಎತ್ತಿಕೊಂಡು ನಳಕ್ಕೆ ಹೋದಳು. ಕುಳಿತವರು "ಯಾಕ ಹೊಂಡವಲ್ದೋ ರೈಲು, ಏನ ಬೇಕೋ ಅದಕ?" ಎಂದು ಗೊಣಗಿದರು. ಅದಕ್ಕೇನು ಬೇಕೆಂದು ಇಂಚರಾಳಿಗೆ ಗೊತ್ತಿತ್ತು. ಬಳೆಯಿಲ್ಲದೆ ಹೊಸ್ತಿಲು ದಾಟುವುದಿಲ್ಲ ಎಂದು ಬೆಳಗ್ಗೆ ಅವ್ವನೇ ಹೇಳಿದ್ದಳು. ಮೊಳೆಯ ಕೆಳಗಿದ್ದ ಎಣ್ಣೆಡಬ್ಬಿಯ ಮೇಲೆ ಹತ್ತಿ, ಎರಡೂ ಕೈಯಿಂದ ಬಳೆ ಎತ್ತಿ ತಂದು, ತುದಿಗಾಲಲ್ಲಿ ನಿಂತು ದುರ್ಗೇಶಕಾಕಾನ ತೋಳಿಗೆ ತೂರಿಸಿದಳು. "ಕೆಂಪು," ಎಂದಳು. "ಕೆಂಪ್ರಿ ಅಕ್ಕಾರ," ಎಂದು ಅವನು ನಗುತ್ತ ಹೊರಟುಬಿಟ್ಟ. ನಳದ ಹತ್ತಿರ ಮಾಬೂಬಿಗೆ ಎರಡು ಸೀಟಿ ಕೇಳಿದವು, ಒಂದು ಇಲ್ಲಿಂದ, ಒಂದು ಗೇಟಿನಿಂದ. ಮೊಣಕಾಲಿನ ನೋವು ಮರೆತು ಅವಳು ಓಡಿದ್ದು ಹಳಿಯ ತುಂಡಿನ ಕಡೆಗೆ. ರೈಲಿನ ಹಿಂದೆ ಓಡಿದ್ದರೆ ಮುಟ್ಟುತ್ತಿರಲಿಲ್ಲ.

ವಾಣಿಶ್ರೀಯ ಭಯವೆಲ್ಲ ಸಿಟ್ಟಾಗಿ ಕೈಗೆ ಬಂತು. ಮಗಳ ಮೇಲೆ ಎತ್ತಿದ ಆ ಕೈಯನ್ನು ಮಾಬೂಬಿ ನಡುವೆಯೇ ಹಿಡಿದಳು. ಬಳೆಗಾರ್ತಿಯ ಹಿಡಿತ, ನೋಯುವುದಿಲ್ಲ, ಬಿಡಿಸಿಕೊಳ್ಳಲೂ ಬರುವುದಿಲ್ಲ.

"ಕೂಸಿಗೆ ಹೊಡಿಬ್ಯಾಡ. ಕೂಸು ನಾ ಮಾಡೂದ ಮಾಡೈತಿ. ತಪ್ಪು, ಎರಡನೇ ಬಳಿ ಮೊಳಿಗೆ ಹಾಕಿದಾಕಿದು."

ಮ್ಯಾನೇಜರು ಬಂದಾಗಲೂ ಅವಳು ಇದನ್ನೇ ಹೇಳಿದಳು. ದುರ್ಗೇಶನ ಹೆಸರನ್ನಾಗಲಿ ಇಂಚರಾಳ ಹೆಸರನ್ನಾಗಲಿ ಎತ್ತಲಿಲ್ಲ. ಮ್ಯಾನೇಜರು ಒಳ್ಳೆಯವರು. ದೇವರು ದೊಡ್ಡವನು ಎಂದು ಕೈಮುಗಿದು, "ಒಂದ ಬಳಿ ಇಟ್ಕೊಂಡು ಇನ್ನೊಂದು ಇಲ್ಲಿಂದ ತಗೀರಿ ಅಮ್ಮಾ, ಮುಂದಿನ ರವಿವಾರದೊಳಗ," ಎಂದಷ್ಟೇ ಹೇಳಿ ಹೋದರು.

ಆ ವಾರವೆಲ್ಲ ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರಿಗೂ ಇದೇ ಮಾತು. ಮಾಬೂಬಿ ಸವಣೂರಿನ ಬಸ್ಸಿಗೆ ಕಾಯುತ್ತಿದ್ದಳು, ವಾಣಿಶ್ರೀ ಅವಳಿಗೆ ಜೊತೆಯಾಗಿ ಕೂರುತ್ತಿದ್ದಳು. ನಡುವೆ ಇಂಚರಾ ಬಿಸ್ಕೀಟು ತಿನ್ನುತ್ತ, "ಎರಡ ಬಳಿ ಹಾಕಿದ್ದಕ್ಕ ರೈಲಿಗೆ ಸಿಟ್ಟ ಬಂತೇನ ಅಜ್ಜಿ?" ಎಂದು ಕೇಳುತ್ತಿದ್ದಳು.

"ಸಿಟ್ಟಲ್ಲ ಪುಟ್ಟವ್ವಾ, ಗೊಂದಲಾ ಆತು ಅದಕ."

ವಾಣಿಶ್ರೀ ಒಂದು ಹಂಚಿಕೆ ಹೇಳಿದಳು. "ಇನಾಯತಣ್ಣಾವರಿಗೆ ಆದದ್ದ ಹೇಳಿಬಿಡ್ರಿ. ಅವರೇನ ಸಣ್ಣ ಹುಡುಗರಲ್ಲ, ತಿಳ್ಕೊಂತಾರ."

"ತಿಳ್ಕೊಂತಾನ. ತಿಳ್ಕೊಂಡು ಮತ್ತ ಗ್ವಾಡಿಗೆ ಮಾರಿ ಮಾಡಿ ಮಲಗ್ತಾನ. ನನ್ನ ಕೈಲೆ ಆಗಿದ್ದ ಮೊದಲನೇ ಕೆಲಸ ಕೂಸುಗೋಳ್ನ ಕೊಲ್ಲತಿತ್ತು ಅಂತ. ಆ ಕೈ ಮತ್ತ ಏಳಂಗಿಲ್ಲವ್ವಾ."

ಬಸ್ಸು ಬಂತು. ಅವಳು ಹತ್ತಿಹೋದಳು. ಮರುದಿನವೂ ಇಷ್ಟೇ. ಅವಳ ಕೈಯಲ್ಲಿ ಎರಡು ದಾರಿ ಮಾತ್ರ ಇದ್ದವು, ಎರಡೂ ಮುಳ್ಳಿನವು: ಬಳೆ ಉಳಿಸಿಕೊಂಡರೆ ರೈಲಿಗೆ ಅಪಾಯ, ಬಳೆ ತೆಗೆದರೆ ತಮ್ಮನಿಗೆ. ವಾಣಿಶ್ರೀ ಕಂಡದ್ದೂ ಎರಡೇ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ವಾಣಿಶ್ರೀ ಹುಣಸೇಮರಕ್ಕೆ ಹೋದಾಗ ಮಾಬೂಬಿ ಕಟ್ಟೆಯ ಮೇಲೆ ಕಾಲುಚಾಚಿ ಕುಳಿತು, ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ತೊಡೆಯ ಮೇಲೆ ಎರಡೂ ಕೆಂಪು ಬಳೆ. ಹಳೆಯದರ ಹಿತ್ತಾಳೆ ಬಿಲ್ಲೆ ಬಿಚ್ಚಿ ಹೊಸದಕ್ಕೆ ಹೊಲಿಯುತ್ತಿದ್ದಳು.

ವಾಣಿಶ್ರೀಗೆ ಇದು ಹೊಳೆದೇ ಇರಲಿಲ್ಲ. ಇನಾಯತನ ಬಳೆಯನ್ನು ಏನು ಮಾಡುವುದೆಂದು ಇಬ್ಬರೂ ಒಂದು ವಾರ ತಲೆ ಕೆಡಿಸಿಕೊಂಡಿದ್ದರು. ಹೋಗಬೇಕಾದದ್ದು ಆ ಹೊಸದೇ ಎಂದು ವಾಣಿಶ್ರೀ ನಿಶ್ಚಯಿಸಿಬಿಟ್ಟಿದ್ದಳು.

"ಅಮ್ಮಾ, ಅದು ನಿಮ್ಮ ಬುಟ್ಟಿದಲ್ರಿ? ಇಷ್ಟ ವರ್ಷದ್ದು?"

"ಅದಕ್ಕೇನ ಬಾಯಿ ಐತೇನು, ಯಾಕ ತಗದಿ ಅಂತ ಕೇಳಾಕ? ಅವಗ ಐತಿ." ಗಂಟು ಬಿಗಿದು, ಹೊಸ ಬಳೆಯನ್ನು ತೋಳಿಗೆ ಏರಿಸಿ ಇಳಿಸಿ ನೋಡಿದಳು. ಮತ್ತೆ ಏರಿಸಿದಳು. ಹಳೆಯದು ಕಣ್ಣು ಮುಚ್ಚಿಯೂ ಹಿಡಿಯಬಹುದಾದ್ದು. ಇದರ ತೂಕ ಬೇರೆ, ಅಂಚು ಬೇರೆ. ಅಂದು ಸಂಜೆ ಪಾರ್ಕು ಮುಚ್ಚುವ ತನಕ ದುರ್ಗೇಶನನ್ನು ಖಾಲಿ ಎಂಜಿನ್ನಿನಲ್ಲಿ ಹಿಂದೆ ಮುಂದೆ ಓಡಿಸಿ, ಬಳೆ ತೊಡಿಸಿ ಬಿಚ್ಚಿ, ಬಿಚ್ಚಿ ತೊಡಿಸಿ, ಕೈಗೆ ಹೊಸ ಪಾಠ ಕಲಿಸಿದಳು. "ಖಾಲಾ, ತೋಳ ಸವದು ಹೋತು ನಂದು," ಎಂದು ಅವನು ಅಂಗಲಾಚಿದರೂ ಬಿಡಲಿಲ್ಲ. ಕೊನೆಗೆ ಬಳೆಗೆ ಕೈ ಒಗ್ಗಿತೋ ಕೈಗೆ ಬಳೆ ಒಗ್ಗಿತೋ, ದುರ್ಗೇಶ ಸಾಗುತ್ತಿದ್ದ ಎಂಜಿನ್ನನ್ನು ನಿಧಾನಿಸುವ ಮೊದಲೇ ಬಳೆ ತೋಳಿನಲ್ಲಿತ್ತು.

ರವಿವಾರ ಇನಾಯತ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಕಡೆ ಮುನವ್ವರಾಳ ಭುಜ, ಇನ್ನೊಂದು ಕಡೆ ಕೋಲು. ವಾಣಿಶ್ರೀ ಅವರಿಬ್ಬರನ್ನು ತಾನೇ ಕರೆದುಕೊಂಡು ಹೋಗಿ ಹುಣಸೇಮರದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಗೇಟಿನ ಕಡೆಯಿಂದ ಒಂದು ಗಾಡಿ, ದೋಣಿಕಟ್ಟೆಯ ಕಡೆಯಿಂದ ಒಂದು ಗಾಡಿ ಬಂದವು. ಮಾಬೂಬಿ ಅಂಚಿಗೆ ನಿಂತಳು. ನಾಸೀರನಿಂದ ಕೆಂಪು ಇಸ್ಕೊಂಡಳು, ಹಸಿರು ತೊಡಿಸಿದಳು. ದುರ್ಗೇಶನ ಕಡೆ ತಿರುಗಿದಳು.

"ಕೆಂಪು."

"ಕೆಂಪ್ರಿ ಖಾಲಾ. ಹೊಸಾದು, ಬಂಕಾಪುರದ್ದು!"

ಇನಾಯತ ಮುಂದಕ್ಕೆ ಬಾಗಿದ. ಅವನ ಬಲಗೈ ತೊಡೆಯ ಮೇಲಿಂದ ತಾನಾಗಿಯೇ ಎದ್ದು, ಗಾಳಿಯಲ್ಲಿ ಏನನ್ನೋ ಸುತ್ತುವಂತೆ ಎರಡು ಸಲ ತಿರುಗಿತು. ರೈಲು ತಿರುವು ದಾಟುವ ತನಕ ಕಣ್ಣು ಕೀಳಲಿಲ್ಲ.

"ಸಡ್ಲ ಆತು ಆಪಾ," ಎಂದ ಕಡೆಗೆ, ಹುಬ್ಬು ಗಂಟಿಕ್ಕಿ. "ಬಿಲ್ಲಿ ಕಟ್ಟಿದ ಕಡೆ ಇನ್ನೂ ಒಂದ ಸುತ್ತ ಬಿಗೀಬೇಕಾಗಿತ್ತು. ಮಳಿಗಾಲದಾಗ ನೀರು ಕುಡೀತೈತಿ. ದೀಪಾವಳಿ ಆದಮ್ಯಾಲೆ ಬಿಚ್ಚಿ ಕೊಡು, ನೋಡ್ತೇನಿ."

ಮುನವ್ವರಾ ಗಂಡನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಮನ್ಯಾಗ ಎರಡ ಕುರ್ಚಿ ಬಿದ್ದಾವ ಅಂದ್ರ ಕೇಳವಲ್ಲರು. ರೈಲಿಂದ ಮಾತ್ರ ಚಿಂತಿ!"

"ಕುರ್ಚಿ ಹತ್ತಿ ಯಾರ ಎಲ್ಲಿ ಹೋಗ್ತಾರ? ಸುಮ್ನ ಕುಂದ್ರತಾರ," ಎಂದ ಇನಾಯತ. ಆಮೇಲೆ, ನಾಳೆ ಬೆತ್ತ ತರಿಸಬೇಕು ಎಂದ. ಹಳೆಯ ಬಳೆ ಏನಾಯಿತೆಂದು ಕೇಳಿದಾಗ, "ವಯಸ್ಸಾತು, ಪಿಂಚಣಿ ಕೊಟ್ವಿ," ಎಂದಳು ಮಾಬೂಬಿ.

ಸಂಜೆ ಅವರನ್ನು ಬಂಕಾಪುರದ ಬಸ್ಸಿಗೆ ಹತ್ತಿಸಿ ಬಂದ ಮೇಲೆ ಅವಳು ಕಟ್ಟೆಯ ಮೇಲೆ ವಾಣಿಶ್ರೀಯ ಪಕ್ಕ ಕುಳಿತಳು. ಇಂಚರಾ ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮಾಬೂಬಿ ತನ್ನ ವಾಯರಿನ ಚೀಲದಿಂದ ಹಳೆಯ ಕೆಂಪು ಬಳೆ ತೆಗೆದು, ಸ್ವಲ್ಪ ಹೊತ್ತು ಮೊಣಕಾಲಿನ ಮೇಲಿಟ್ಟುಕೊಂಡು, ವಾಣಿಶ್ರೀಯ ಕಡೆ ಸರಿಸಿದಳು.

"ನಿನ್ನ ತವರಮನಿ ಹಿರೇಕೆರೂರ ಕಡೇದಲ್ಲವ್ವಾ?"

"ಹೌದ್ರಿ. ಊರಿಂದ ಇನ್ನೂ ಒಳಗ."

"ಅಲ್ಲಿ ರೈಲಿಲ್ಲಲ್ಲ?"

"ಇಲ್ರಿ ಅಮ್ಮಾ. ಬಸ್ಸ ಬಂದ್ರ ಪುಣ್ಯೇ."

"ಹಂಗಾದ್ರ ಒಂದ ಉಪಕಾರ ಮಾಡವ್ವಾ. ಬಳಿ ಮುರದೂ ಗೊತ್ತಿಲ್ಲ ನನಗ, ಸುಟ್ಟೂ ಗೊತ್ತಿಲ್ಲ. ನನ್ನ ಮನ್ಯಾಗಿಟ್ರ ಮರವಿನ್ಯಾಗ ಯಾವತ್ತರ ಚೀಲದಾಗ ಹಾಕ್ಕೊಂಡ ಬಂದ್ಬಿಡ್ತೇನಿ, ಕೈ ಸುಮ್ನಿರಂಗಿಲ್ಲ. ಇದನ್ನ ನಿಮ್ಮವ್ವನ ಮನಿಗೆ ಒಯ್ದು ಇಟ್ಟು ಬಾ. ನಾ ಬಂದು ಕೈಮುಗದು ಕೇಳಿದ್ರೂ ಕೊಡಬ್ಯಾಡ ಅಂತ ಹೇಳು ಅವರಿಗೆ."